ಪಂಗ್‌ನ ಹಂದಿಯ ರಕ್ತ

ಯಿನ್ ಕೈಷುನ್‌ನ ಹಂದಿಗೆ ಕೆಚ್ಚಲುಬಾವು ಬಂತು. ಅದಕ್ಕವನು ಅಷ್ಟೇನೂ ಕೊರಗಲಿಲ್ಲ. ಪಕ್ಕದ ಮನೆ ಪಂಗ್‌ನ ಹಂದಿಗೆ ಬರಲಿಲ್ಲವಲ್ಲ, ಅದು ಎದೆ ಸುಟ್ಟಿತು. ಎರಡೂ ನಾಲ್ಕು ದಿನದ ಹಿಂದೆ ಒಂದೇ ದಿನ ಈದಿದ್ದವು. ನಡುವೆ ಇದ್ದದ್ದು ಎದೆಮಟ್ಟದ ಗೋಡೆ. ಈಚೆ ಹತ್ತು ಮರಿ ಹಾಲಿಲ್ಲದೆ ಕಿರುಚುತ್ತಿದ್ದರೆ, ಆಚೆಯಿಂದ ಮದುವೆಮನೆ ಊಟದಂಥ ಚಪ್ಪರಿಕೆಯ ಸದ್ದು.

ಮೊನ್ನೆ ಎರಡೂ ಹಂದಿಗಳ ಹಾಲು, ರಕ್ತ ಒಯ್ದಿದ್ದ ಪಶುವೈದ್ಯೆ ಚುನ್‌ಯಾನ್ ಬೆಳಗ್ಗೆ ಬಂದಳು.

"ಕ್ರಿಮಿ ಎರಡಕ್ಕೂ ತಗುಲಿದೆ, ಕೈಷುನಣ್ಣ. ಪಂಗಣ್ಣನ ಹಂದೀಲಿ ರಕ್ತದ ಬಿಳಿಕಣಗಳು ಕೂಡ್ಲೇ ಕೆಚ್ಚಲಿಗೆ ಓಡಿಬಂದು ಕ್ರಿಮಿ ನುಂಗಿಹಾಕಿವೆ. ನಿಮ್ಮದರಲ್ಲಿ ತಡವಾಗಿ ಬಂದ್ವು. ಅಷ್ಟೊತ್ತಿಗೆ ಕ್ರಿಮಿ ಬೆಳೆದುಬಿಟ್ಟಿತ್ತು. ಆ ಹೊಡೆದಾಟಕ್ಕೇ ಈ ಬಾವು, ಜ್ವರ."

"ಅಂದ್ರೆ ಹಂದಿಯೊಳಗಿನ ಪೊಲೀಸರೂ ಅವನ ಮನೆಗೇ ಮೊದಲು!"

ಚುನ್‌ಯಾನ್ ನಕ್ಕು ಹಂದಿಗೆ ಸೂಜಿ ಚುಚ್ಚಿದಳು. "ರಕ್ತದ ಇಂಥ ಗುಣ ತಾಯಿಯಿಂದ ಮಗಳಿಗೂ ಬರಬಹುದು," ಎಂದು ಹೋಗುತ್ತಾ ಹೇಳಿದ ಮಾತು ಕೈಷುನ್‌ನ ತಲೆಯೊಳಗೆ ಹುಳುವಾಗಿ ಕೂತಿತು.

ಮಧ್ಯಾಹ್ನ ಪಂಗ್ ಚಹದಂಗಡಿಗೆ ಇಸ್ಪೀಟಾಡಲು ಹೋದ. ಕೈಷುನ್ ತನ್ನ ಮರಿಗಳಲ್ಲೇ ಬಡಕಲಾದ ಹೆಣ್ಣೊಂದನ್ನು ಬುಟ್ಟಿಗೆ ಹಾಕಿಕೊಂಡು ಗೋಡೆ ಹತ್ತಿದ. ಪೈಜಾಮ ಪರ್ರೆಂದು ಹರಿಯಿತು. ಅದೇ ಹೊತ್ತಿಗೆ ಗೆಣಸಿನ ಬಳ್ಳಿ ಹೊತ್ತ ದೆಂಗ್ ಚಿಕ್ಕಮ್ಮ ಓಣಿಯಲ್ಲಿ ಪ್ರತ್ಯಕ್ಷ.

"ಏನೋ ಕೈಷುನ್, ಹುಂಜದ ಹಾಗೆ ಗೋಡೆ ಮೇಲೆ ಕೂತಿದೀಯ?"

"ಗೋಡೆ ಗಟ್ಟಿ ಇದೆಯಾ ನೋಡ್ತಿದೀನಿ, ಚಿಕ್ಕಮ್ಮ."

"ಬುಟ್ಟಿ ಕಿರುಚ್ತಿದೆಯಲ್ಲೋ?"

"ಅದು... ನನ್ನ ಹೊಟ್ಟೆ."

"ಹಾಗಾದ್ರೆ ಡಾಕ್ಟರಮ್ಮನ ಹತ್ರ ನೀನೂ ಒಂದು ಸೂಜಿ ಚುಚ್ಚಿಸ್ಕೋ!"

ಅವಳು ಮರೆಯಾದದ್ದೇ ಕೈಷುನ್ ಆಚೆಗೆ ಉರುಳಿದ. ಬಡಕಲನ್ನು ಅಲ್ಲಿ ಬಿಟ್ಟು, ಎಲ್ಲಕ್ಕಿಂತ ದಪ್ಪನೆಯ ಹೆಣ್ಣುಮರಿಯನ್ನು ಬಾಚಿಕೊಂಡ. ತಾಯಿಹಂದಿ ಹಿಂದಿನಿಂದ ಬಂದು ಕಚ್ಚಿತು. ನೋವಿನಲ್ಲೂ ಅವನಿಗೆ ನಗು: ಪಂಗ್‌ನ ಅದೃಷ್ಟ ಈಗ ತನ್ನ ಕಂಕುಳಲ್ಲಿದೆ!

ಸಂಜೆ ಪಂಗ್ ಉಪ್ಪಿನಕಾಯಿ ಜಾಡಿ ಹಿಡಿದು ಬಂದ. ತಲೆ ತಗ್ಗಿಸಿ ಕೂತ. ಗುಟ್ಟು ಬಯಲಾಯಿತೆಂದು ಕೈಷುನ್ ಹರಿದ ಪೈಜಾಮವನ್ನು ಮುಚ್ಚಿಕೊಂಡ.

"ಕ್ಷಮಿಸಪ್ಪ ಕೈಷುನ್. ಮರಿ ಹಾಕಿದ ದಿನ, ನೀನು ಮನೇಲಿರಲಿಲ್ಲ. ನಿನ್ನ ಹಂದೀದು ಒಂದು ಹೆಣ್ಣುಮರಿ ಕುಂಬಳಕಾಯಿ ಹಾಗಿತ್ತು. ನೋಡಿ ಹೊಟ್ಟೆ ಉರಿದುಹೋಯ್ತು. ಅದನ್ನ ಎತ್ಕೊಂಡು, ನನ್ನ ಬಡಕಲುಮರೀನ ಅಲ್ಲಿಟ್ಟೆ."

ಕೈಷುನ್ ಮನಸ್ಸಿನಲ್ಲೇ ಲೆಕ್ಕ ಹಾಕಿದ: ದಪ್ಪನೆಯದು ತನ್ನ ಹಂದಿಯದೇ, ಬಡಕಲೇ ಪಂಗ್‌ನ ಹಂದಿಯ ಮಗಳು. ಡಾಕ್ಟರಮ್ಮ ಹೊಗಳಿದ ರಕ್ತ ನಾಲ್ಕು ದಿನದಿಂದ ತನ್ನ ಕೊಟ್ಟಿಗೆಯಲ್ಲೇ ಇತ್ತು! ತಾನೇ ಬುಟ್ಟಿಯಲ್ಲಿ ಹೊತ್ತು, ಗೋಡೆ ಹತ್ತಿ ಹಿಂದಿರುಗಿಸಿ ಬಂದಿದ್ದ.

"ನಿನ್ನ ಮರಿ ವಾಪಸ್ ಕೊಡ್ತೀನಿ," ಪಂಗ್ ಕಣ್ಣೊರೆಸಿಕೊಂಡ. "ಆ ಬಡಕಲೂ ನಿನಗೇ ಇರ್ಲಿ, ದಂಡ ಅಂದ್ಕೋ. ಬಾ, ಈಗ್ಲೇ ಹೋಗಿ ಎತ್ಕೊಂಡ್ ಬರೋಣ."

ಹೋದರೆ ಪಂಗ್‌ನ ಕೊಟ್ಟಿಗೆಯಲ್ಲಿ ದಪ್ಪನೆಯದರ ಬದಲು ಆ ಬಡಕಲೇ ಸಿಗುತ್ತಿತ್ತು.

"ಬೇಡ ಪಂಗಣ್ಣ, ಬೇಡ! ಎಲ್ಲಿದ್ದದ್ದು ಅಲ್ಲೇ ಇರ್ಲಿ," ಕೈಷುನ್ ಅಡ್ಡ ನಿಂತು ಬೇಡಿಕೊಂಡ.

ಪಂಗ್ ಅವನನ್ನು ಬಾಚಿ ತಬ್ಬಿಕೊಂಡ. "ಈ ಊರಲ್ಲಿ ಹೊಟ್ಟೆಕಿಚ್ಚಿಲ್ಲದ ಮನುಷ್ಯ ಅಂದ್ರೆ ನೀನೊಬ್ಬನೇ! ಇರು, ಮೊದ್ಲು ದೆಂಗ್ ಚಿಕ್ಕಮ್ಮನಿಗೆ ಹೇಳಿ ಬರ್ತೀನಿ."