ಬೆಚ್ಚಗಿನ ಡಬ್ಬ, ಮೊಳಕೆ ರಾಗಿ

ಕೆಲವರಿಗೆ ನೀರು ಪೋಲಾದರೆ ಹೊಟ್ಟೆ ಉರಿಯುತ್ತದೆ, ಕೆಲವರಿಗೆ ಹಗಲು ಹೊತ್ತು ಲೈಟು ಉರಿದರೆ. ನನಗೆ ಬಿಸಿ ಪೋಲಾಗಬಾರದು. ಬಚ್ಚಲ ಒಲೆಯಲ್ಲಿ ಕೆಂಡ ಉಳಿದಿದ್ದರೆ ಒಂದು ಗೆಣಸಾದರೂ ಹೂತಿಡದೆ ನನ್ನ ಕೈ ಸುಮ್ಮನಿರುವುದಿಲ್ಲ. ಕುಕ್ಕರ್ ಇಳಿಸಿದರೆ ಅದರ ತಲೆಯ ಮೇಲೆ ನಿನ್ನೆಯ ಸಾರಿನ ಬಟ್ಟಲು ಕೂರುತ್ತದೆ. ಹಿಂದೆ ಮನೆಯಲ್ಲಿ ದಪ್ಪ ಟಿವಿ ಇದ್ದಾಗ ಅದರ ಬೆನ್ನ ಮೇಲೆ ಹಪ್ಪಳ ಒಣಗಿಸಿದವಳು ನಾನು. ಟಿವಿ ನೋಡಲು ಬಂದ ನೆಂಟರು ಹಪ್ಪಳ ನೋಡಿಕೊಂಡು ಹೋದರು. ಇದನ್ನೆಲ್ಲ ಜಾಣತನ ಅಂದುಕೊಂಡಿದ್ದೆ. ರೋಗ ಎಂದು ಗೊತ್ತಾಗಿದ್ದು ಈ ಚಳಿಗಾಲದಲ್ಲಿ.

ವಕ್ಕಲೇರಿಯ ನಮ್ಮ ಮನೆಯಲ್ಲಿ ನಾನು, ನನ್ನ ತಮ್ಮ ಮಂಜ ಇಬ್ಬರೇ. ಅವನು ಮದುವೆಗಳ ವಿಡಿಯೊ ತೆಗೆದು, ಮನೆಯ ಕಂಪ್ಯೂಟರಿನಲ್ಲೇ ಕತ್ತರಿಸಿ ಜೋಡಿಸಿ ಕೊಡುತ್ತಾನೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕಂಪ್ಯೂಟರಿನ ಬಗ್ಗೆ ನನಗೆ ಗೊತ್ತಿದ್ದ ಒಂದೇ ವಿಷಯವೆಂದರೆ ಅದರ ಡಬ್ಬ ಬೆಚ್ಚಗಿರುತ್ತದೆ ಎನ್ನುವುದು. ಕೋಲಾರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಬಷೀರ, ಮಂಜನ ಜೊತೆ ಒಂದೇ ಬೆಂಚಿನಲ್ಲಿ ಓದಿದವನು, ಅದಕ್ಕೆ ಹೊಸ ಗ್ರಾಫಿಕ್ಸ್ ಕಾರ್ಡು ಹಾಕಿಕೊಟ್ಟ ಮೇಲಂತೂ ಡಬ್ಬ ಬಾಣಂತಿ ಕೋಣೆಯ ಹಾಗಾಯಿತು. ಕಾರ್ಡು ಅಂದರೆ ರೇಷನ್ ಕಾರ್ಡಿನಂತೆ ಇರುತ್ತದೇನೋ ಅಂದುಕೊಂಡಿದ್ದೆ. ನೋಡಿದರೆ ಇಟ್ಟಿಗೆಯಷ್ಟು ದಪ್ಪ, ಅದಕ್ಕೆ ತನ್ನದೇ ಫ್ಯಾನು ಬೇರೆ. ಪರದೆಯ ಮೇಲೆ ಚಿತ್ರ ಸರಾಗವಾಗಿ ಓಡಿಸುವುದು ಅದರ ಕೆಲಸವಂತೆ.

ನನ್ನ ಕೆಲಸ ಮೊಳಕೆ ರಾಗಿ ಹಿಟ್ಟು ಮಾಡುವುದು. ನಮ್ಮ ಬೀದಿಯ ಎಳೆ ಮಕ್ಕಳೆಲ್ಲ ಅದರ ಗಂಜಿ ಕುಡಿದೇ ಬೆಳೆಯುತ್ತಿವೆ. ಈ ಸಲದ ಚಳಿಗೆ ರಾಗಿ ಮೊಳೆಯಲು ತುಂಬಾ ಸತಾಯಿಸಿತು. ಮಂಜನೋ, ಮಲಗುವಾಗ ಕಂಪ್ಯೂಟರಿಗೆ ಕೆಲಸ ಹಚ್ಚಿ ಮಲಗುತ್ತಾನೆ, ಅದು ಬೆಳಗಿನತನಕ ತಾನೇ ದುಡಿಯುತ್ತಿರುತ್ತದೆ. ಅಡ್ಡ ಮಲಗಿಸಿದ ಡಬ್ಬ, ಅದರ ಮೇಲೆ ಜಾಲರಿ, ಜಾಲರಿಯಿಂದ ಹಿತವಾದ ಬಿಸಿಗಾಳಿ. ಒದ್ದೆ ಬಟ್ಟೆಯ ರಾಗಿ ಗಂಟನ್ನು ಅದರ ಮೇಲಿಟ್ಟೆ. ಶಾಖ ಹೋಗದಿರಲಿ ಎಂದು ಒಂದು ಹಳೇ ಕಂಬಳಿಯನ್ನೂ ಹೊದಿಸಿದೆ. ಅವನು ಏಳುವ ಮೊದಲೇ ಎಲ್ಲ ತೆಗೆದಿಟ್ಟೆ. ಎಂಥ ಮೊಳಕೆ ಅಂತೀರಿ! ಆಮೇಲೆ ದಿನವೂ ಅದೇ ಅಭ್ಯಾಸವಾಯಿತು.

ಹೀಗಿರುವಾಗ ಬೈರಕೂರಿನ ಮದುವೆಯೊಂದು ಪರದೆಯ ಮೇಲೆ ತಡವರಿಸತೊಡಗಿತು. ತಾಳಿ ಹಿಡಿದು ಬಗ್ಗಿದ ಗಂಡು ಬಗ್ಗಿಯೇ ನಿಂತ. ಓಲಗ ಮಾತ್ರ ನಿಲ್ಲದೆ ಮುಂದೆ ಹೋಯಿತು. ಜನ ಎರಚಿದ ಅಕ್ಷತೆ ಗಾಳಿಯಲ್ಲೇ ತೂಗುತ್ತಿತ್ತು. ಮಂಜ ಅದೇ ವಿಡಿಯೊವನ್ನು ಮೊಬೈಲಿಗೆ ಹಾಕಿ ನೋಡಿದ, ಅಲ್ಲಿ ಗಂಡು ಚಕಚಕನೆ ಮೂರು ಗಂಟು ಹಾಕಿದ. ಮಂಜ ವೈರು ಬದಲಾಯಿಸಿದ, ಅದ್ಯಾವುದೋ ಡ್ರೈವರನ್ನು ತೆಗೆದು ಮತ್ತೆ ಹಾಕಿದ. ಏನು ಮಾಡಿದರೂ ಗಂಡು ನೆಟ್ಟಗಾಗಲಿಲ್ಲ. ಅತ್ತ ಹೆಣ್ಣಿನ ತಂದೆ ಫೋನ್ ಮಾಡಿ, ತೆಲುಗು ಬೆರೆತ ಕನ್ನಡದಲ್ಲಿ, "ಏಮಯ್ಯಾ ಮಂಜೂ, ನಮ್ ಅಮ್ಮಾಯಿ ಮದುವೆ ಇನ್ನೂ ಮುಗೀಲಿಲ್ವಾ?" ಎಂದರು.

ಮಂಜನ ಸಿಟ್ಟೆಲ್ಲ ಬಷೀರನ ಮೇಲೆ ತಿರುಗಿತು. ಫೋನ್ ಮಾಡಿ, ಸ್ಪೀಕರಿಗೆ ಹಾಕಿ ಕೂಗಾಡಿದ. "ಲೇ, ಎಂಥ ಡಬ್ಬಾ ಕಾರ್ಡ್ ನನ್ನ ತಲೆಗೆ ಕಟ್ಟಿದ್ದೀಯೋ!"

"ಹೊಸಾದು ಕಣೋ! ಸೀಲ್ ನಿನ್ನ ಮುಂದೇನೇ ಒಡೆದಿದ್ದಲ್ವಾ?"

"ಗೆಳೆಯ ಅಂತ ನಂಬಿದ್ದಕ್ಕೆ ಸರಿಯಾಗೇ ಮಾಡ್ದೆ. ಇನ್ನು ನಿನ್ನ ಅಂಗಡಿ ಮೆಟ್ಲು ಹತ್ತಲ್ಲ ಹೋಗು."

ಆಗ ನಾನು ಬಾಯಿ ಬಿಡಬೇಕಿತ್ತು. ಬಿಟ್ಟೆ ಕೂಡ. "ಕಾಫಿ ಕುಡೀತೀಯೇನೋ?" ಎಂದೆ.

ಮರುದಿನ ಬಷೀರ ಚೀಲದಲ್ಲಿ ಇನ್ನೊಂದು ಕಾರ್ಡು ಹಾಕಿಕೊಂಡು ಗಾಡಿಯಲ್ಲಿ ತಾನೇ ಬಂದ. ಮಂಜ ಮುಖ ಕೊಟ್ಟು ಮಾತಾಡಲಿಲ್ಲ. ಬಷೀರ ಡಬ್ಬ ಬಿಚ್ಚಿ, ಟಾರ್ಚ್ ಬಿಟ್ಟು, ಕತ್ತು ಓರೆ ಮಾಡಿದ. ಕಾರ್ಡಿನ ಫ್ಯಾನು ಕಚ್ಚಿಕೊಂಡು ನಿಂತು, ಕಾರ್ಡು ಕಾದು ಕೆಟ್ಟುಹೋಗಿತ್ತು. ರೆಕ್ಕೆಗಳ ನಡುವೆ ರಾಗಿ ಕಾಳು, ಅದರಿಂದ ಹೊರಟ ಬಿಳಿ ಬೇರು.

"ಏನ್ಲಾ ಮಂಜಾ, ಒಳಗೆ ರಾಗಿ ಬಿತ್ತಿದ್ದೀಯಾ?"

ಮಂಜ ಪೆಚ್ಚಾಗಿ, "ಇಲಿ ಇರಬೇಕು ಕಣೋ," ಎಂದ.

"ಹೌದಪ್ಪಾ, ದೊಡ್ಡ ಇಲಿ," ಎಂದು ನಾನೂ ಸೇರಿಸಿದೆ.

"ಇಲಿ ಕೆಡಿಸಿದ್ದಕ್ಕೆ ಕಂಪನಿಯವರು ಬದಲಾಯಿಸಿ ಕೊಡಲ್ಲ. ಹೋಗ್ಲಿ, ಇದನ್ನ ನನ್ನ ಲೆಕ್ಕದಲ್ಲೇ ಹಾಕ್ತೀನಿ. ಒಂದು ಕಾರ್ಡಿಗೋಸ್ಕರ ನಿನ್ನ ಕಳ್ಕೊಳ್ಳಲಾ?" ಎಂದ ಬಷೀರ. ಅವನ ಅಂಗಡಿ ನಮ್ಮ ಅಡುಗೆಮನೆಗಿಂತ ಚಿಕ್ಕದು. ನಮ್ಮ ಮಂಜನೋ, ಉಪಕಾರ ಮಾಡುವವನ ಹಾಗೆ, "ಹಾಕು, ಹಾಕು," ಎನ್ನುತ್ತಿದ್ದ.

ನನಗೆ ತಡೆಯಲಾಗಲಿಲ್ಲ. "ಬಷೀರಪ್ಪಾ, ಹಾಕಬೇಡ. ಆ ಇಲಿ ನಾನೇ," ಎಂದೆ. ಗಂಟಿನಿಂದ ಹಿಡಿದು ಎಲ್ಲ ಹೇಳಿಬಿಟ್ಟೆ.

ಮಂಜ ನನ್ನ ಕಡೆ ತಿರುಗಿದ. "ಕಂಬಳೀನೂ ಹೊದಿಸಿದ್ಯಾ ಅಕ್ಕಾ?"

"ಚಳಿ ಇತ್ತಲ್ಲೋ."

ಬಷೀರ ಸ್ಕ್ರೂಡ್ರೈವರ್ ಕೆಳಗಿಟ್ಟು ನಕ್ಕ. ಮಂಜನಿಗೆ ನಗಲೂ ಆಗದೆ, ನನ್ನನ್ನು ಬೈಯಲೂ ಆಗದೆ, ಕೊನೆಗೆ ಬಷೀರನ ಹೆಗಲು ಹಿಡಿದು "ತಪ್ಪಾಯ್ತು ಕಣೋ" ಎಂದ. ಬಷೀರ ಆ ಮಾತು ಕೇಳಿಸದವನಂತೆ ಸ್ಕ್ರೂ ಹುಡುಕಿದ. ಹೊಸ ಕಾರ್ಡಿನ ದುಡ್ಡನ್ನು ನಾನು ಹಿಟ್ಟು ಮಾರಿ ತೀರಿಸುವುದೆಂದು ತೀರ್ಮಾನವಾಯಿತು. ಬೈರಕೂರಿನ ಗಂಡು ಅಂತೂ ತಾಳಿ ಕಟ್ಟಿ ಸೊಂಟ ನೆಟ್ಟಗೆ ಮಾಡಿಕೊಂಡ.

ಈಗ ಸಾಲ ತೀರಬೇಕಾದರೆ ಹಿಟ್ಟು ಹೆಚ್ಚಬೇಕು, ಹಿಟ್ಟು ಹೆಚ್ಚಲು ರಾಗಿ ಬೇಗ ಮೊಳೆಯಬೇಕು, ಚಳಿಯಂತೂ ಇನ್ನೂ ಹೋಗಿಲ್ಲ. ನನ್ನ ಕಷ್ಟ ನಿಮಗೆ ಅರ್ಥವಾಯಿತು ತಾನೆ? ಆದರೆ ಈ ಹೊಸ ಕಾರ್ಡು ಹಳೆಯದರಷ್ಟು ಬಿಸಿಯಾಗುವುದೇ ಇಲ್ಲ. ನನಗೆ ಹೇಗೆ ಗೊತ್ತು ಎನ್ನುತ್ತೀರಾ? ಕೈ ಇಟ್ಟು ನೋಡಿದೆ. ದೇವರಾಣೆ, ಬರಿಗೈ.