ಜೀಪಿನ ನೆತ್ತಿಯ ಮೇಲೆ ನಾಲ್ಕು ದೀಪ

ನಾಲ್ಕು ದೀಪ ಕೂರಿಸುವುದಕ್ಕೆ ಮೆಕ್ಯಾನಿಕ್ಕನ ಮುಖ ನೋಡುವುದಿಲ್ಲ ಎಂದು ಡ್ರಾಯಿಂಗ್ ಮೇಷ್ಟ್ರು ರಜೆಯ ದಿನ ಬೆಳಿಗ್ಗೆಯೇ ಶಪಥ ಮಾಡಿದರು. ಅವರ ಹೆಂಡತಿ ದನದ ಡಾಕ್ಟರು. ಹೋದ ವಾರ ಕತ್ತಲ ರಸ್ತೆಯಲ್ಲಿ ಮಲಗಿದ್ದ ಎಮ್ಮೆಯನ್ನು ತಪ್ಪಿಸಲು ಹೋಗಿ ಜೀಪನ್ನು ಚರಂಡಿಗೆ ಇಳಿಸಿದ್ದರು. ಇನ್ನು ಆಕೆಯ ದಾರಿಯಲ್ಲಿ ಕತ್ತಲೆ ಎಂಬುದೇ ಇರಕೂಡದು.

ಶೆಡ್ಡಿನೊಳಗೆ ಇಡೀ ದಿನ ಕೆಲಸ ನಡೆಯಿತು. ಮೇಷ್ಟ್ರು ಜೀಪಿನ ನೆತ್ತಿಗೆ ತೂತು ಕೊರೆದರು, ರಬ್ಬರಿಟ್ಟು ಬೋಲ್ಟು ಬಿಗಿದರು, ವೈರು ಇಳಿಸಿ ಸ್ಟೇರಿಂಗಿನ ಹತ್ತಿರ ಸ್ವಿಚ್ಚು ಕೂರಿಸಿದರು. ಎದುರು ಗೋಡೆಗೆ ದಾರ ಹಿಡಿದು, ದೀಪಗಳ ಎತ್ತರಕ್ಕಿಂತ ಒಂದು ಗೇಣು ಕೆಳಗೆ ಸೀಮೆಸುಣ್ಣದ ಗೆರೆ ಎಳೆದರು. ಸ್ವಿಚ್ಚು ಒತ್ತಿದರೆ ನಾಲ್ಕು ಬೆಳಕಿನ ಚಕ್ರಗಳೂ ಗೆರೆಯ ಮೇಲೆಯೇ ಕೂತವು.

"ಹೇಗಿದೆ ಅತ್ತೆ?"

ಕುರ್ಚಿ ಹಾಕಿಕೊಂಡು ನೋಡುತ್ತಿದ್ದ ಅತ್ತೆ ಹೇಳಿದರು, "ಗೋಡೆ ಬಹಳ ಚೆನ್ನಾಗಿ ಕಾಣ್ತಿದೆ ಅಳಿಯಂದಿರೇ. ರಸ್ತೆ ಯಾವಾಗ ಕಾಣುತ್ತೆ?"

ಹೊತ್ತು ಮುಳುಗುವಾಗ ಫೋನು ಬಂತು. ಊರಾಚೆ ಒಂದು ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡಿದೆ. ಡಾಕ್ಟರಮ್ಮ ಚೀಲವನ್ನು ಜೀಪಿನೊಳಗೆ ಎಸೆದು, ಹತ್ತಿ, ಹಿಂದಕ್ಕೆ ಬಿಟ್ಟರು. ಅರ್ಧ ಜೀಪು ಹೊರಗೆ ಬಂದು ಠಕ್ಕನೆ ನಿಂತಿತು. ದೀಪಗಳು ಶೆಡ್ಡಿನ ಬಾಗಿಲಿಗಿಂತ ಎರಡು ಬೆರಳು ಎತ್ತರ.

"ರೀ, ಬಾಗಿಲು ಅಳೆದ್ರಾ?"

"ಗೋಡೆ ಅಳೆದೆ."

"ಹಾಗಾದ್ರೆ ಬೇಗ ಬಿಚ್ಚಿ."

"ಅಲ್ಲಾಡಬಾರದು ಅಂತ ನಟ್ಟಿಗೆಲ್ಲ ಅಂಟು ಹಾಕಿದೀನಿ ಕಣೇ."

ಮೇಷ್ಟ್ರು ಬಾಗಿಲನ್ನೂ ದೀಪಗಳನ್ನೂ ಮತ್ತೆ ಮತ್ತೆ ನೋಡಿದರು. ಅಲ್ಲಿ ಒಂದು ಜೀವ ಒದ್ದಾಡುತ್ತಿದೆ, ಇಲ್ಲಿ ತಮ್ಮ ಕಲಾಕೃತಿ ಬಾಗಿಲಿಗೆ ಕಚ್ಚಿಕೊಂಡಿದೆ. ತಟ್ಟನೆ ಹೊಳೆಯಿತು: ದೀಪ ಇಳಿಯದಿದ್ದರೆ ಜೀಪೇ ಇಳಿಯಲಿ. ಓಡಿಹೋಗಿ ಪಕ್ಕದ ಮನೆಯ ಬೇಕರಿಯವರನ್ನೂ ಎದುರುಮನೆಯ ದರ್ಜಿಯನ್ನೂ ಎಳೆತಂದರು. ದರ್ಜಿಯ ಗಾತ್ರ ನೋಡಿ ಬೀದಿಯೆಲ್ಲ ಅವರನ್ನು ಪೈಲ್ವಾನ್ ಎನ್ನುತ್ತಿತ್ತು. ಜೀಪನ್ನು ಕೊಂಚ ಮುಂದೆ ಸರಿಸಿ, ಪೈಲ್ವಾನರನ್ನು ಬಾನೆಟ್ಟಿನ ಮೇಲೆ ಕೂರಿಸಿದರು. ಬೇಕರಿಯವರು ಒಳಗೆ. "ನನ್ನ ತೂಕ ಇವತ್ತಾದ್ರೂ ಉಪಯೋಗಕ್ಕೆ ಬಂತು" ಎನ್ನುತ್ತ ಅತ್ತೆಯೂ ಹತ್ತಿದರು. ಜೀಪು ನರಳಿ ಕುಗ್ಗಿತು, ಬಾಗಿಲನ್ನು ಸವರಿಕೊಂಡು ಹೊರಬಿತ್ತು.

"ಕರು ಎಳೆಯೋಕೆ ಕೈ ಬೇಕು, ಎಲ್ಲರೂ ಬನ್ನಿ" ಎಂದರು ಡಾಕ್ಟರಮ್ಮ. ಪೈಲ್ವಾನರು ಹಿಂದೆ ತುರುಕಿಕೊಂಡರು, ಮೇಷ್ಟ್ರು ಮುಂದೆ ಕೂತರು. ಊರು ದಾಟಿ ದೀಪ ಹಾಕಿದರೆ ಬೆಳಕೆಲ್ಲ ಮರದ ತುದಿಗೆ. ಕಾಗೆಗಳು ಬೆಳಗಾಯಿತೆಂದು ಎದ್ದು ಕೂತವು.

"ರೀ, ನಾನು ಹೊರಟಿರೋದು ಹಸು ನೋಡೋಕೆ."

"ಹಿಂದೆ ಭಾರ ಜಾಸ್ತಿಯಾಗಿದೆ. ಪೈಲ್ವಾನರೇ, ಮುಂದೆ ಬನ್ನಿ."

ಕಡ್ಡಿಯಂಥ ಮೇಷ್ಟ್ರು ಹಿಂದಕ್ಕೆ ಹೋದರು. ಪೈಲ್ವಾನರು ಮುಂದೆ ಕೂರುತ್ತಿದ್ದಂತೆ ಬೆಳಕು ಮೆಲ್ಲಗೆ ಇಳಿದು ರಸ್ತೆಯುದ್ದಕ್ಕೂ ಹಾಸಿಕೊಂಡಿತು.

ಕೊಟ್ಟಿಗೆಯಲ್ಲಿ ಕರೆಂಟಿರಲಿಲ್ಲ. ಜೀಪನ್ನು ಅದಕ್ಕೆ ಮುಖಮಾಡಿ ನಿಲ್ಲಿಸಿ, ಸದ್ದಿಗೆ ಹಸು ಬೆದರೀತೆಂದು ಎಂಜಿನ್ ಆರಿಸಿ, ದೀಪ ಮಾತ್ರ ಉಳಿಸಿದರು. ಕೊಟ್ಟಿಗೆ ಹಗಲಾಯಿತು. ಡಾಕ್ಟರಮ್ಮ ಭುಜದವರೆಗೆ ಕೈ ಹಾಕಿ ಕರುವನ್ನು ತಿರುಗಿಸಿದರು. ಪೈಲ್ವಾನರೂ ಬೇಕರಿಯವರೂ ಹಗ್ಗ ಹಿಡಿದು ಎಳೆದರು. ಮುಕ್ಕಾಲು ಗಂಟೆಯ ಮೇಲೆ ಹೆಣ್ಣು ಕರುವೊಂದು ಹುಲ್ಲಿನ ಮೇಲೆ ಜಾರಿ ಬಿದ್ದು ಸೀನಿತು.

ಹಸುವಿನ ಒಡತಿ ಕಣ್ಣೊರೆಸಿಕೊಂಡು, "ಇಂಥ ಬೆಳಕು ದೇವರೇ ಕಳಿಸಿದ್ದು" ಎಂದಳು.

"ದೇವರಲ್ಲಮ್ಮ, ನಮ್ಮ ಮನೆಯವರು" ಎಂದರು ಡಾಕ್ಟರಮ್ಮ.

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಇಂಥ ಮಾತು ಇದೇ ಮೊದಲು. ಮೇಷ್ಟ್ರು ಎದೆಯುಬ್ಬಿಸಿಕೊಂಡು ಜೀಪು ಹತ್ತಿದರು. ಡಾಕ್ಟರಮ್ಮ ಕೀಲಿ ತಿರುಗಿಸಿದರು. ಜೀಪು ಒಮ್ಮೆ ಕೆಮ್ಮಿ ಸುಮ್ಮನಾಯಿತು. ನಾಲ್ಕು ದೀಪಗಳೂ ಸೇರಿ ಬ್ಯಾಟರಿಯನ್ನು ಕುಡಿದು ಮುಗಿಸಿದ್ದವು.

ಆಕೆ ಹಿಂದಕ್ಕೆ ತಿರುಗಿ ಕೈ ಮುಗಿದರು.

"ದೇವರೇ, ಸ್ವಲ್ಪ ಇಳಿದು ತಳ್ಳಿ."