ಗೋಡೆ ಗಡಿಯಾರಕ್ಕೆ ನಮಸ್ಕಾರ

ಕೈಕಾಲು ಬೀಸುವುದನ್ನು ಕಲಿಯಲು ಹೋದವಳಿಗೆ ದೇವರ ಪಂಚಾಯಿತಿ ಗಂಟುಬಿದ್ದರೆ ಸಿಟ್ಟು ಬರುತ್ತದೋ ಇಲ್ಲವೋ, ನೀವೇ ಹೇಳಿ. ಐವತ್ತರ ಹತ್ತಿರ ಬಂದಿರುವ ಹೈಸ್ಕೂಲು ಟೀಚರ್ ನಾನು. ಮಂಡಿನೋವಿಗೆ ಡಾಕ್ಟರು ವಾಕಿಂಗ್ ಹೇಳಿದರೆ, ಹಟಕ್ಕೆ ಬಿದ್ದು ಕರಾಟೆ ಸೇರಿದೆ. ಗಂಗಾವತಿಯ ಹಳೆಯ ರೈಸ್ ಮಿಲ್ಲೊಂದರ ಖಾಲಿ ಗೋದಾಮೇ ನಮ್ಮ ಕರಾಟೆ ಶಾಲೆ. ಜೋರಾಗಿ ಉಸಿರೆಳೆದರೆ ಇವತ್ತಿಗೂ ಮೂಗಿಗೆ ತೌಡು ಹೋಗುತ್ತದೆ. ಉಳಿದವರೆಲ್ಲ ಚಿಕ್ಕ ಮಕ್ಕಳು. ನನ್ನ ಜೋಡಿಯಾಗಿ ನಿಲ್ಲಲು ಒಪ್ಪಿದವಳು ಕಾಲೇಜು ಓದುವ ರುಕ್ಸಾನಾ ಒಬ್ಬಳೇ. ಒದೆಯಲು ಹೋಗಿ ನಾನು ಬಿದ್ದಾಗೆಲ್ಲ ನಗದೆ ಕೈಹಿಡಿದು ಎಬ್ಬಿಸುವವಳು. ಅವಳಿಲ್ಲದ ದಿನ ನನ್ನ ಕರಾಟೆಯೂ ಮುಗಿದಂತೆಯೇ.

ತಕರಾರು ಶುರುವಾದದ್ದು ನಮಸ್ಕಾರದಿಂದ. ಪಾಠಕ್ಕೆ ಮೊದಲು ಎಲ್ಲರೂ ಎದುರಿನ ಗೋಡೆಗೆ ಮುಖ ಮಾಡಿ ಸೊಂಟ ಬಗ್ಗಿಸಿ ವಂದಿಸಬೇಕು. ಅಲ್ಲಿ ನಮ್ಮ ಮಾಸ್ತರರು ಯಾರೋ ಹಿರಿಯ ಜಪಾನಿ ಗುರುವಿನ ಫೋಟೋ ಹಾಕಿದ್ದರು. ಮಿಲ್ ಮಾಲೀಕರ ತಾಯಿ ಶಂಕ್ರಮ್ಮ ಬೋಳು ಫೋಟೋ ನೋಡಲಾರದೆ ಅದಕ್ಕೆ ವಿಭೂತಿ ಬಳಿದು ಹಾರ ಹಾಕಿದರು. ಮರುದಿನ ಪಾಲಕರೆಲ್ಲ, ಮಾಸ್ತರರ ಮನೆಯಲ್ಲಿ ಯಾರು ತೀರಿಕೊಂಡರು ಎಂದು ವಿಚಾರಿಸತೊಡಗಿದರು. ರುಕ್ಸಾನಾಳ ತಂದೆ, ಗಾದಿ ಅಂಗಡಿಯ ಹುಸೇನ್‌ಸಾಬರೂ ಬಂದರು. ಕೈಯಿಂದ ಹಂಚು ಒಡೆಯುವ ನಮ್ಮ ಮಾಸ್ತರರು ಪಾಲಕರನ್ನು ಕಂಡರೆ ನನ್ನ ಬೆನ್ನ ಹಿಂದೆ. ಹಾಗಾಗಿ ಸಾಬರು ನನಗೇ ಹೇಳಿದರು.

"ಟೀಚರ್, ಗುರುಗಳಿಗೆ ಮರ್ಯಾದಿ ಕೊಡಬ್ಯಾಡ ಅನ್ನಂಗಿಲ್ರಿ ನಾ. ಆದ್ರ ಹಾರ ಹಾಕಿದ ಫೋಟೋಕ್ಕ ತಲಿ ಬಗ್ಗಸೋದು ನಮ್ಮಾಗ ನಡ್ಯಂಗಿಲ್ರಿ. ಹಿಂಗ ಇದ್ರ ಆಕಿನ್ನ ಬಿಡಿಸ್ತೀನಿ."

ವಂದನೆ ಫೋಟೋಕ್ಕಲ್ಲ, ವಿದ್ಯೆಗೆ ಎಂದು ಮಾಸ್ತರರು ನನ್ನ ಹಿಂದಿನಿಂದಲೇ ಗೊಣಗಿದರು. ಇರಬಹುದು. ಪಾಠದ ಕೊನೆಗೆ ನಾವೆಲ್ಲ ಕಣ್ಣು ಮುಚ್ಚಿ ಕೂರುತ್ತೇವೆ. ಒಬ್ಬರು ಶಿವನನ್ನು ನೆನೆಯುತ್ತಾರೆ, ಒಬ್ಬರು ಅಲ್ಲಾನನ್ನು, ನಾನು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬುದನ್ನು. ಅದಕ್ಕೆ ಯಾರ ತಕರಾರೂ ಇಲ್ಲ. ಗೋಡೆಗೆ ಮೊಳೆ ಹೊಡೆದರೆ ಮಾತ್ರ ಜಗಳ.

ತಲೆಕೆಟ್ಟು ನಾನೇ ಒಂದು ದಾರಿ ಹುಡುಕಿದೆ. ಫೋಟೋ ಇಳಿಸಿ, ನಮ್ಮ ಮನೆಯ ಗೋಡೆ ಗಡಿಯಾರ ತಂದು ಅಲ್ಲಿ ತೂಗುಹಾಕಿದೆ. ಗಡಿಯಾರಕ್ಕೆ ಜಾತಿಯಿಲ್ಲ, ಮತವಿಲ್ಲ. ಎಲ್ಲರೂ ಒಪ್ಪಿದರು. ದಿನಾ ತಡವಾಗಿ ಬರುವ ನನಗೇ ಅದರಿಂದ ಹೆಚ್ಚು ಅವಮಾನ; ಆದರೂ ಸ್ಟಾಫ್ ರೂಮಿನಲ್ಲಿ ನನ್ನ ಜಾಣತನವನ್ನು ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು.

ಆಮೇಲೆ ಆಯುಧ ಪೂಜೆ ಬಂತು. ಮಿಲ್ಲಿನ ಮೋಟಾರು, ತೂಕದ ಯಂತ್ರ, ಟ್ರ್ಯಾಕ್ಟರು ಎಲ್ಲಕ್ಕೂ ಪೂಜೆ ಮುಗಿಸಿದ ಶಂಕ್ರಮ್ಮನ ಕಣ್ಣು ಗಡಿಯಾರದ ಮೇಲೆ ಬಿತ್ತು. ಮರುದಿನ ಬೆಳಿಗ್ಗೆ ನಾವು ಹೋಗಿ ನೋಡಿದರೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ಗಂಟೆ ಎಷ್ಟೆಂದೇ ಕಾಣದು. ಹೀಗ್ಯಾಕೆ ಮಾಡಿದಿರಿ ಎಂದರೆ, "ಅದೂ ಮಷೀನ ಐತಲ್ಲವ್ವಾ, ಅದಕೊಂದ ಯಾಕ ಬಿಡಬೇಕು?" ಎಂದರು.

ಮಗಳನ್ನು ಸ್ಕೂಟರಿನಲ್ಲಿ ಬಿಡಲು ಬಂದಿದ್ದ ಹುಸೇನ್‌ಸಾಬರು ಆಗಲೇ ಬಾಗಿಲಲ್ಲಿ ನಿಂತಿದ್ದರು. ರುಕ್ಸಾನಾ ಗಡಿಯಾರ ನೋಡಿದಳು, ಅಪ್ಪನನ್ನು ನೋಡಿದಳು, ಸೊಂಟದ ಬೆಲ್ಟು ಬಿಚ್ಚತೊಡಗಿದಳು. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ತರಗತಿಯಲ್ಲಿ ಕೂಗುವ ದನಿಯಲ್ಲೇ ಕೂಗಿದೆ:

"ಎಲ್ಲಾರೂ ಹಿಂದಕ ತಿರುಗ್ರಿ."

ವಂದನೆಗೆ ಸಾಲುಗಟ್ಟಿದ್ದ ಇಡೀ ಶಾಲೆ ಬಾಗಿಲಿಗೆ ತಿರುಗಿ ಸೊಂಟ ಬಗ್ಗಿಸಿತು. ಸಾಬರು ಗಾಬರಿಯಾಗಿ, ತಮ್ಮ ಬೆನ್ನ ಹಿಂದೆ ಯಾರಿದ್ದಾರೆಂದು ನೋಡಿದರು. ಯಾರೂ ಇರಲಿಲ್ಲ. ಕೊನೆಗೆ ಅವರೂ ಕೈಯೆತ್ತಿ ಸಲಾಂ ಮಾಡಿ, ಒಬ್ಬರೇ ಸ್ಕೂಟರು ಹತ್ತಿ ಹೋದರು. ರುಕ್ಸಾನಾ ಬೆಲ್ಟು ಮತ್ತೆ ಕಟ್ಟಿಕೊಂಡಳು.

ಅಂದಿನಿಂದ ನಮ್ಮ ವಂದನೆ ಬಾಗಿಲಿಗೆ. ಮರುದಿನ ಎಂದಿನಂತೆ ತಡವಾಗಿ, ಏದುಸಿರು ಬಿಡುತ್ತ ನಾನು ಒಳಗೆ ಕಾಲಿಟ್ಟರೆ ಇಡೀ ಶಾಲೆ ನನ್ನೆದುರು ಬಗ್ಗಿ ನಿಂತಿದೆ! ನಾನು ಬಿದ್ದಾಗಲೂ ನಗದ ರುಕ್ಸಾನಾ ಅಂದು ನಕ್ಕುಬಿಟ್ಟಳು. ಇಷ್ಟು ವರ್ಷದ ನೌಕರಿಯಲ್ಲಿ ಯಾವ ತರಗತಿಯೂ ನನಗೆ ಇಂಥ ಮರ್ಯಾದೆ ಕೊಟ್ಟಿರಲಿಲ್ಲ. ಈಗ ಬೇಗ ಎದ್ದರೂ ಮೂಲೆಯ ಚಹಾದಂಗಡಿಯಲ್ಲಿ ನಿಂತು, ವಂದನೆಗೆ ಮಾಸ್ತರರ ಕೂಗು ಕೇಳಿಸಿದ ಮೇಲೆಯೇ ಬಾಗಿಲಿಗೆ ಬರುತ್ತೇನೆ. ಶಂಕ್ರಮ್ಮನ ಕಣ್ಣಿಗೆ ಬೀಳದಂತೆ ಮಾತ್ರ ಎಚ್ಚರ. ಅವರು ನನಗೂ ಒಂದು ಹಾರ ಹಾಕಿಬಿಟ್ಟರೆ ಹುಸೇನ್‌ಸಾಬರು ಮಗಳನ್ನು ಬಿಡಿಸಿಯೇ ತೀರುತ್ತಾರೆ.